ಪಿಕೋ 2: ಎ2 ಚಿಪ್ಪಿನಲ್ಲಿ ಪಂಪ್ ಯಾಕೆ ನಿಲ್ಲುವುದಿಲ್ಲ

ಉಡುಪಿ ಕಡೆ ಬಾವಿಯ ಪಂಪನ್ನು ತಾನಾಗಿ ನಿಲ್ಲಿಸಲು ರಾಸ್ಪ್‌ಬೆರಿ ಪೈ ಪಿಕೋ 2 ಎಂಬ ಪುಟ್ಟ ಕಂಟ್ರೋಲರ್ ಬೋರ್ಡ್ ಹಾಕುವವರು ಕೋಡ್ ಬರೆಯುವ ಮೊದಲು ಚಿಪ್ಪಿನ ಮೇಲಿನ ಅಕ್ಷರ ಓದಿಬಿಡಿ. ಆರ್‌ಪಿ2350ಎ0ಎ2 ಎಂದಿದ್ದರೆ ಹಳೆಯದು. ಕೊನೆಯಲ್ಲಿ ಎ4 ಇದ್ದರೆ 2025ರ ಜುಲೈಯಲ್ಲಿ ಪ್ರಕಟವಾದ ತಿದ್ದಿದ ಚಿಪ್ಪು. ಅಂಗಡಿಯ ಹಳೆ ಸ್ಟಾಕಿನಲ್ಲಿ ಎ2 ಸಿಗುವ ಸಂಭವ ಇದ್ದೇ ಇದೆ.

ಎ2ದ ದೋಷಕ್ಕೆ ಇ9 ಎಂದು ಹೆಸರು. ಟ್ಯಾಂಕಿ ಖಾಲಿ ಇದ್ದಾಗ ಫ್ಲೋಟ್ ಸ್ವಿಚ್ಚು (ನೀರಿನ ಮಟ್ಟಕ್ಕೆ ತಕ್ಕಂತೆ ಆನ್-ಆಫ್ ಆಗುವ ಸ್ವಿಚ್ಚು) ಪಿನ್ನಿಗೆ 3.3 ವೋಲ್ಟ್ ಕೊಡುತ್ತದೆ, ಚಿಪ್ಪಿನ ಒಳಗಿನ ಪುಲ್-ಡೌನ್ (ಪಿನ್ನನ್ನು ಸೊನ್ನೆ ವೋಲ್ಟಿಗೆ ಎಳೆಯುವ ರೆಸಿಸ್ಟರ್) ಆನ್ ಇದೆ ಎಂದಿಟ್ಟುಕೊಳ್ಳಿ. ಟ್ಯಾಂಕಿ ತುಂಬಿ ಸ್ವಿಚ್ಚು ಬಿಟ್ಟಾಗ ಪಿನ್ ಸೊನ್ನೆಗೆ ಇಳಿಯಬೇಕು. ಇಳಿಯುವುದಿಲ್ಲ. ಮಲ್ಟಿಮೀಟರ್ ಹಿಡಿದರೆ ಸುಮಾರು 2.2 ವೋಲ್ಟಿನಲ್ಲಿ ನಿಂತಿರುತ್ತದೆ. ಚಿಪ್ಪಿನ ಒಳಗಿಂದ ಸುಮಾರು 120 ಮೈಕ್ರೋಆಂಪಿಯರ್ ಪಿನ್ನಿಗೆ ಸೋರುತ್ತದೆ. ಒಳಗಿನ ಪುಲ್-ಡೌನಿಗೆ ಅದನ್ನು ಎಳೆದು ಇಳಿಸುವ ಶಕ್ತಿ ಇಲ್ಲ. ಟ್ಯಾಂಕಿ ಇನ್ನೂ ಖಾಲಿ ಎಂದುಕೊಂಡು ಪಂಪ್ ಓಡುತ್ತಲೇ ಇರುತ್ತದೆ, ನೀರು ಅಂಗಳಕ್ಕೆ ಹರಿಯುತ್ತದೆ. ಕೋಡಿನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗದು.

ಪಿನ್ನಿನಿಂದ ಗ್ರೌಂಡಿಗೆ 8.2 ಕಿಲೋ-ಓಮ್ ಅಥವಾ ಅದಕ್ಕಿಂತ ಕಡಿಮೆಯ ರೆಸಿಸ್ಟರ್ ಹಾಕಿದರೆ ಸರಿಹೋಗುತ್ತದೆ. ಓದುವ ಕ್ಷಣದಲ್ಲಿ ಮಾತ್ರ ಇನ್‌ಪುಟ್ ಆನ್ ಮಾಡಿ, ಓದಿದ ಕೂಡಲೇ ಆಫ್ ಮಾಡಿದರೂ ನಡೆಯುತ್ತದೆ. ಪಿಐಒ (ಪಿನ್ನುಗಳನ್ನು ತಾನೇ ನಡೆಸುವ, ಚಿಪ್ಪಿನೊಳಗಿನ ಭಾಗ) ಬಳಸುವವರಿಗೆ ಈ ದಾರಿ ಇಲ್ಲ.

ನಾನು ಹೇಳುವುದು: ಪುಲ್-ಡೌನೇ ಬೇಡ. ಸ್ವಿಚ್ಚನ್ನು ಪಿನ್ನಿಗೂ ಗ್ರೌಂಡಿಗೂ ನಡುವೆ ಹಾಕಿ, ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೋ-ಓಮ್ ಪುಲ್-ಅಪ್ (ಪಿನ್ನನ್ನು ಮೇಲಕ್ಕೆ ಎಳೆಯುವ ರೆಸಿಸ್ಟರ್) ಕೊಡಿ. ಪುಲ್-ಅಪ್‌ಗೆ ಇ9 ತೊಂದರೆ ಕೊಡುವುದಿಲ್ಲ, ಎ2 ಆದರೂ ಎ4 ಆದರೂ ಒಂದೇ ವೈರಿಂಗ್. ಕೋಡಿನಲ್ಲಿ ‘ಲೋ (ಸೊನ್ನೆ ವೋಲ್ಟ್) ಅಂದರೆ ಖಾಲಿ’ ಎಂದು ತಿರುಗಿಸಿ. ಕಡಲ ಬದಿಯ ಉಪ್ಪುಗಾಳಿಗೆ ತಾರಸಿಯ ಜಾಯಿಂಟ್ ತುಕ್ಕು ಹಿಡಿದು ಬಿಟ್ಟುಹೋದರೂ ಪಿನ್ ಹೈ ಆಗಿ ಪಂಪ್ ನಿಲ್ಲುತ್ತದೆ. ನೀರು ಬೀಳುವಾಗ ಫ್ಲೋಟ್ ಓಲಾಡುವುದರಿಂದ ಒಂದೇ ಸ್ಥಿತಿ 2 ಸೆಕೆಂಡ್ ಉಳಿದರೆ ಮಾತ್ರ ಪಂಪನ್ನು ಆನ್-ಆಫ್ ಮಾಡುವ ರಿಲೇ ಬದಲಿಸಿ.

ಎ4 ಜೊತೆಗೆ ಪಿನ್ನುಗಳು 5 ವೋಲ್ಟ್ ತಾಳಿಕೊಳ್ಳುತ್ತವೆ ಎಂದೂ ರಾಸ್ಪ್‌ಬೆರಿ ಪೈಯವರು ಘೋಷಿಸಿದ್ದಾರೆ. ಆದರೆ ಚಿಪ್ಪಿಗೆ 3.3 ವೋಲ್ಟ್ ಬಂದಿರುವಾಗ ಮಾತ್ರ. ಪಿಕೋ ಆಫ್ ಇದ್ದು ಸೆನ್ಸರಿಗೆ ಬೇರೆ ಅಡಾಪ್ಟರಿನಿಂದ 5 ವೋಲ್ಟ್ ಹೋಗುತ್ತಿದ್ದರೆ ಪಿನ್ ಸುಡಬಹುದು. ಜಿಪಿ26ರಿಂದ ಜಿಪಿ29ರವರೆಗಿನ ಅನಲಾಗ್ ಪಿನ್ನುಗಳಿಗೆ 5 ವೋಲ್ಟ್ ಮುಟ್ಟಿಸಲೇಬೇಡಿ.