ಹೊಸ ಡ್ಯಾಶ್‌ಬೋರ್ಡ್ ಬರೋವರೆಗೆ ಕಾಯಬೇಕಾ, ಈಗಲೇ ತಗೊಳ್ಳಬೇಕಾ?

‘ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತಿದ್ದೀವಿ. ಆದರೆ ಇನ್ನು ಆರೇ ತಿಂಗಳಲ್ಲಿ ದೊಡ್ಡ ಸ್ಕ್ರೀನು, ಒಳ್ಳೆ ಸೀಟು ಹಾಕಿ ಮತ್ತೆ ಬಿಡ್ತಾರಂತೆ. ಕಾಯೋದಾ?’ ಡೊಂಬಿವಲಿಯಿಂದ ಪಿಂಪ್ರಿ-ಚಿಂಚ್‌ವಡದವರೆಗೆ, ನಾಲ್ಕು ಜನ ಕನ್ನಡದವರು ಸೇರಿ ಕಾರಿನ ಮಾತು ಬಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಟಾಟಾದ ನೆಕ್ಸಾನ್ ಇವಿ ತಯಾರಾಗುವುದು ರಂಜನ್‌ಗಾಂವ್‌ನಲ್ಲಿ, ಮಹೀಂದ್ರಾ ಬಿಇ 6 ಚಾಕಣದಲ್ಲಿ. ಹಾಗಾಗಿ ಪುಣೆಯಲ್ಲಿ ‘ಒಳಗಿನ ಸುದ್ದಿ’ ತರುವ ನೆಂಟರಿಗೇನೂ ಬರವಿಲ್ಲ.

ನನ್ನ ಉತ್ತರ ಇಷ್ಟು: ಬರಲಿರುವ ಬದಲಾವಣೆ ಕಣ್ಣಿಗೆ ಕಾಣುವಷ್ಟೇ ಆಗಿದ್ದರೆ, ಅಂದರೆ ಸ್ಕ್ರೀನು, ಸೀಟಿನ ಬಣ್ಣ, ಸ್ಟೀರಿಂಗು, ದೀಪ, ಹಳೆಯದನ್ನೇ ಬೆಲೆ ಇಳಿಸಿಕೊಂಡು ತಗೊಳ್ಳಿ. ಪ್ಯಾನೆಲ್ಲಿನ ಹಿಂದೆ ಕೂತಿರುವುದು ಬದಲಾಗುತ್ತಿದ್ದರೆ, ಅಂದರೆ ಏರ್‌ಬ್ಯಾಗು, ಕಾರಿನೊಳಗಿನ ಚಾರ್ಜರು, ಬ್ಯಾಟರಿ, ಹಿಂದಿನ ಸೀಟಿನ ಎಸಿ ವೆಂಟು, ಕಾಯಿರಿ. ತೊಡಕೇನೆಂದರೆ ಎರಡೂ ಒಂದೇ ಪೊಟ್ಟಣದಲ್ಲಿ ಬರುತ್ತವೆ, ಜಾಹೀರಾತು ಮಾತ್ರ ಸ್ಕ್ರೀನಿನದ್ದು.

ಮೂರು ಕಾರುಗಳ ಚರಿತ್ರೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮಹೀಂದ್ರಾ ಎಕ್ಸ್‌ಯುವಿ400 ಬಂದದ್ದು 2023ರ ಜನವರಿಯಲ್ಲಿ. 7 ಇಂಚಿನ ಸ್ಕ್ರೀನು, ಮುಳ್ಳಿನ ಮೀಟರು, ಒಳಗೆಲ್ಲ ಕಪ್ಪು, ಹಿಂದೆ ಎಸಿ ವೆಂಟ್ ಇಲ್ಲ. ಸರಿಯಾಗಿ ಒಂದು ವರ್ಷಕ್ಕೆ ‘ಪ್ರೊ’ ಬಂತು. 10.25 ಇಂಚಿನ ಎರಡು ಸ್ಕ್ರೀನು, ಹಿಂದೆ ವೆಂಟು, ಎಡಕ್ಕೂ ಬಲಕ್ಕೂ ಬೇರೆ ಬೇರೆ ತಂಪು ಇಡಬಹುದಾದ ಎಸಿ, ತಿಳಿ ಬಣ್ಣದ ಸೀಟು. ಬ್ಯಾಟರಿ ಅದೇ, 34.5 ಮತ್ತು 39.4 ಕಿಲೋವ್ಯಾಟ್ ಅವರ್ (ಕರೆಂಟ್ ಬಿಲ್ಲಿನ ಯೂನಿಟ್ಟೇ ಇದು). ಶುರುವಿನ ಬೆಲೆಯೋ ₹15.99 ಲಕ್ಷದಿಂದ ₹15.49 ಲಕ್ಷಕ್ಕೆ ಇಳಿಯಿತು. ಮೊದಲು ಕೊಂಡವರ ಹೊಟ್ಟೆ ಉರಿದದ್ದು ಸಹಜ. ಆದರೆ ಆ ಪಟ್ಟಿಯಲ್ಲಿ ನಿಜವಾಗಿ ಕಳೆದುಕೊಂಡದ್ದು ಒಂದೇ, ಹಿಂದಿನ ವೆಂಟು.

ನೆಕ್ಸಾನ್ ಇವಿಯ ಕತೆ ಬೇರೆ. 2020ರ ಜನವರಿಯಲ್ಲಿ 30.2 ಕಿಲೋವ್ಯಾಟ್ ಅವರ್ ಬ್ಯಾಟರಿಯೊಂದಿಗೆ ಬಂತು, 2022ರ ಮೇ ತಿಂಗಳಲ್ಲಿ 40.5ರ ‘ಮ್ಯಾಕ್ಸ್’ ಸೇರಿತು. 2023ರ ಸೆಪ್ಟೆಂಬರಿನಲ್ಲಿ ಒಳಾಂಗಣ ಪೂರ್ತಿ ಬದಲಾಯಿತು. ಎಲ್ಲರೂ ಮಾತಾಡಿದ್ದು ಮೇಲಿನ ವೇರಿಯೆಂಟಿನ 12.3 ಇಂಚಿನ ಸ್ಕ್ರೀನಿನ ಬಗ್ಗೆ. ಅದರ ಬೆನ್ನಲ್ಲಿ ಬಂದದ್ದು ಎರಡರ ಬದಲು ಆರು ಏರ್‌ಬ್ಯಾಗು, ಅದೂ ಎಲ್ಲ ವೇರಿಯೆಂಟಿಗೆ. ಇದಕ್ಕೆ ಕಾಯುವುದು ನ್ಯಾಯ. ಇದನ್ನು ಯಾವ ಅಂಗಡಿಯಲ್ಲೂ ಆಮೇಲೆ ಹಾಕಿಸಲು ಬರುವುದಿಲ್ಲ.

ಎಂಜಿ ವಿಂಡ್ಸರ್ 2024ರ ಸೆಪ್ಟೆಂಬರಿನಲ್ಲಿ 38 ಕಿಲೋವ್ಯಾಟ್ ಅವರ್ ಬ್ಯಾಟರಿಯೊಂದಿಗೆ ಬಂತು, 331 ಕಿ.ಮೀ. ಎಂಬ ಘೋಷಿತ ರೇಂಜು. ಎಂಟು ತಿಂಗಳಿಗೆ, 2025ರ ಮೇನಲ್ಲಿ, 52.9ರ ‘ಪ್ರೊ’: 449 ಕಿ.ಮೀ., ಎರಡನೆಯ ಹಂತದ ಅಡಾಸ್ (ಬ್ರೇಕು, ಸ್ಟೀರಿಂಗಿನಲ್ಲಿ ಓಡಿಸುವವರಿಗೆ ನೆರವಾಗುವ ವ್ಯವಸ್ಥೆ), ತಾನೇ ತೆರೆಯುವ ಡಿಕ್ಕಿ ಬಾಗಿಲು, ತಿಳಿ ಬಣ್ಣದ ಒಳಾಂಗಣ. ದೊಡ್ಡ ಬ್ಯಾಟರಿಗೆ ಜಾಗ ಕೊಟ್ಟು ಡಿಕ್ಕಿ 604ರಿಂದ 579 ಲೀಟರಿಗೆ ಇಳಿಯಿತು. ದಿನಾ ಠಾಣೆಯಿಂದ ಪವಯಿಗೆ ಹೋಗಿಬರುವವರಿಗೆ 38 ಧಾರಾಳ ಸಾಕು. ವರ್ಷಕ್ಕೆರಡು ಸಲ ಚಿಪಳೂಣ್, ಕುಡಾಳ್ ಮೇಲೆ ಉಡುಪಿಗೋ ಮಂಗಳೂರಿಗೋ ಹೋಗುವವರಿಗೆ ಪ್ರತಿ ಪಯಣದಲ್ಲೂ ಒಂದೆರಡು ಚಾರ್ಜಿಂಗ್ ನಿಲ್ದಾಣದ ವ್ಯತ್ಯಾಸ ಅದು.

ಸಾಫ್ಟ್‌ವೇರಿನಲ್ಲಿ ಬರುವಂಥದ್ದಕ್ಕಂತೂ ಕಾಯಲೇಬೇಡಿ. 2022ರ ಜುಲೈನಲ್ಲಿ ನೆಕ್ಸಾನ್ ಇವಿ ‘ಪ್ರೈಮ್’ ಬಂದಾಗ ಹಳೆಯ ನೆಕ್ಸಾನ್ ಇವಿಗಳಿಗೂ ಸರ್ವಿಸ್ ಸೆಂಟರಿನಲ್ಲಿ ಪುಕ್ಕಟೆಯಾಗಿ ಕ್ರೂಸ್ ಕಂಟ್ರೋಲು, ಬೇರೆ ಬೇರೆ ಹಂತದ ರೀಜೆನ್ ಬ್ರೇಕಿಂಗು (ವೇಗ ಇಳಿಯುವಾಗ ಬ್ಯಾಟರಿಗೆ ಚಾರ್ಜ್ ವಾಪಸು ತುಂಬುವುದು), ಟೈರಿನ ಗಾಳಿ ಕಡಿಮೆಯಾದರೆ ಎಚ್ಚರಿಕೆ, ಎಲ್ಲ ಸಿಕ್ಕವು. ಅದಕ್ಕೆ ಬೇಕಾದ ಗುಂಡಿ, ಸೆನ್ಸರು ಮೊದಲೇ ಇದ್ದವು. ಬರಲಿರುವ ವಸ್ತುವಿಗೆ ಹೊಸ ವೈರು ಬೇಕೋ ಬೇಡವೋ ಅಂತ ಕೇಳಿಕೊಂಡರೆ ಅರ್ಧ ಉತ್ತರ ಸಿಕ್ಕಂತೆ.

ಹಿಂದಿನ ಸೀಟಿನ ಪರೀಕ್ಷೆ

ಶೋರೂಮಿನಲ್ಲಿ ಎಲ್ಲರೂ ಡ್ರೈವರ್ ಸೀಟಿಗೆ ನುಗ್ಗುತ್ತಾರೆ. ಊರಿಗೆ ಹೋಗುವಾಗ ಅತ್ತೆ-ಮಾವ ಕೂರುವುದು ಹಿಂದೆ. ಪೆಟ್ರೋಲ್ ಕಾರನ್ನೇ ಎಲೆಕ್ಟ್ರಿಕ್ ಮಾಡಿದ ಮಾದರಿಗಳಲ್ಲಿ ಬ್ಯಾಟರಿಗಾಗಿ ನೆಲ ಎತ್ತರವಾಗಿರುವುದು ಉಂಟು. ಆಗ ಮೊಣಕಾಲು ಮೇಲೆ ಬಂದು ತೊಡೆ ಸೀಟಿನಿಂದ ಏಳುತ್ತದೆ. ನೋಡುವ ಕ್ರಮ ಹೀಗೆ: ಮುಂದಿನ ಸೀಟನ್ನು ಓಡಿಸುವವರ ಅಳತೆಗೆ ಇಟ್ಟು, ಹಿಂದೆ ಬೆನ್ನು ಒರಗಿಸಿ, ಪಾದ ಪೂರ್ತಿ ನೆಲಕ್ಕೂರಿ ಕೂತುಕೊಳ್ಳಿ. ಈಗ ಮೊಣಕಾಲಿನ ಹತ್ತಿರ, ತೊಡೆಗೂ ಸೀಟಿನ ಅಂಚಿಗೂ ನಡುವೆ ಅಂಗೈ ತೂರಿಸಿ. ನಾಲ್ಕು ಬೆರಳು ಅಡ್ಡಡ್ಡ ಸಲೀಸಾಗಿ ಹೋದರೆ ಖಂಬಾಟ್ಕಿ ಘಾಟಿ ದಾಟುವಷ್ಟರಲ್ಲಿ ಸೊಂಟ ಹಿಡಿಯುತ್ತದೆ. ಹೊಸ ಬಟ್ಟೆ, ತಂಪುಗಾಳಿಯ ಸೀಟು, ಯಾವುದೂ ಇದನ್ನು ಸರಿಮಾಡದು. ಕಾರಣ ಇರುವುದು ನೆಲದಲ್ಲಿ.

ವೆಂಟ್ ಇಲ್ಲದ ಕಾರಾದರೆ ಮಧ್ಯಾಹ್ನ ಎರಡು ಗಂಟೆಗೆ ಟೆಸ್ಟ್ ಡ್ರೈವ್ ಕೇಳಿ. ಬಿಸಿಲಲ್ಲಿ ನಿಂತಿದ್ದ ಕಾರಿಗೆ ಎಸಿ ಹಾಕಿಸಿ ಹಿಂದೆ ಹದಿನೈದು ನಿಮಿಷ ಕೂತರೆ ತಿಳಿಯುತ್ತದೆ. ಸೇಲ್ಸಿನವರು ಮೊದಲೇ ತಂಪು ಮಾಡಿಟ್ಟ ಕಾರು ಕೊಡುತ್ತಾರೆ, ಒಪ್ಪಬೇಡಿ.

ಇನ್ನು ‘ಅಪ್‌ಗ್ರೇಡ್’ ಅಂದದ್ದೆಲ್ಲ ನಮ್ಮ ಕಡೆಯ ಹವೆಗೆ ಒಗ್ಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒದ್ದೆ ಕೊಡೆ, ಕೆಸರಿನ ಚಪ್ಪಲಿ ಒಳಗೆ ಬರುವ ಮುಂಬೈಯಲ್ಲಿ ಕೆನೆಬಣ್ಣದ ಸೀಟು ಶೋರೂಮಿಗಷ್ಟೇ ಚೆಂದ. ಹೊಸ ಜೀನ್ಸಿನ ನೀಲಿ ಒಮ್ಮೆ ಹತ್ತಿದರೆ ಪೂರ್ತಿ ಹೋಗುವುದು ಕಷ್ಟ. ಎಸಿಯ ಗುಂಡಿಗಳನ್ನೆಲ್ಲ ಸ್ಪರ್ಶಕ್ಕೆ ಬದಲಾಯಿಸಿದರೆ ಒದ್ದೆ ಬೆರಳಿಗೆ ಅದು ಸರಿಯಾಗಿ ಸ್ಪಂದಿಸದು, ಹೊಳೆಯುವ ಕಪ್ಪು ಪ್ಲಾಸ್ಟಿಕ್ಕಿನಲ್ಲಿ ವಾರದೊಳಗೆ ಗೀರು. ತಿರುಗಿಸುವ ಗುಂಡಿ ಇರುವ ಹಳೆಯ ಡ್ಯಾಶ್‌ಬೋರ್ಡೇ ವಾಸಿ ಅನ್ನುವವನು ನಾನು.

ಹೊರಗೆ ಹಾಕಿಸುವುದು

‘ಹಳೆಯದನ್ನೇ ತಗೊಂಡು ಕುರ್ಲಾದ ಸಿಎಸ್‌ಟಿ ರೋಡಿನಲ್ಲಿ ಎಲ್ಲ ಹಾಕಿಸಿಬಿಡೋಣ’ ಎಂಬುದು ಮುಂದಿನ ಮಾತು. ಸ್ವಲ್ಪ ಮಟ್ಟಿಗೆ ಸರಿ. ಯುಎಸ್‌ಬಿಗೆ ಸಿಕ್ಕಿಸುವ ವೈರ್‌ಲೆಸ್ ಆಂಡ್ರಾಯ್ಡ್ ಆಟೋ ಡಾಂಗಲ್ಲು, ಆರ್ಮ್‌ರೆಸ್ಟು, ಸದ್ದು ತಗ್ಗಿಸಲು ಬಾಗಿಲಿನ ಒಳಗೆ ಅಂಟಿಸುವ ಬ್ಯೂಟೈಲ್ ಶೀಟು, ಇವು ನಿರಪಾಯ. ಶೀಟಿನಿಂದ ಲಾಭವೂ ಇದೆ, ಎಂಜಿನ್ ಸದ್ದಿಲ್ಲದ ಕಾರಿನಲ್ಲಿ ಟೈರಿನ ಗುಂಯ್ ಮತ್ತು ಪ್ಲಾಸ್ಟಿಕ್ಕಿನ ಕಟಕಟ ಚೆನ್ನಾಗಿ ಕೇಳಿಸುತ್ತದೆ. ಬಾಗಿಲಿನ ತಳದ ನೀರು ಹರಿಯುವ ತೂತು ಮಾತ್ರ ಮುಚ್ಚಬಾರದು.

ಸೀಟ್ ಕವರು ಹಾಕಿಸುವಾಗ ಸೀಟಿನ ಹೊರಬದಿಯಲ್ಲಿ ‘ಏರ್‌ಬ್ಯಾಗ್’ ಎಂಬ ಪುಟ್ಟ ಚೀಟಿ ಇದೆಯೇ ನೋಡಿ. ಇದ್ದರೆ ಆ ಬದಿಯ ಹೊಲಿಗೆ ಒತ್ತಡಕ್ಕೆ ಬಿಚ್ಚಿಕೊಳ್ಳುವ ಕವರೇ ಬೇಕು. ಗಟ್ಟಿ ದಾರದಲ್ಲಿ ಸುತ್ತ ಹೊಲಿದರೆ ಏರ್‌ಬ್ಯಾಗು ಹೊರಗೆ ಬರುವ ದಾರಿಯೇ ಮುಚ್ಚಿದಂತೆ. ಗಾಳಿ ಬರುವ ಸೀಟು ಮಾಡಿಕೊಡುತ್ತೇವೆ ಎಂದು ಫೋಮ್ ಕತ್ತರಿಸಿ ಫ್ಯಾನ್ ಕೂರಿಸುವವರಿದ್ದಾರೆ. ಅದಕ್ಕೆ ಸೀಟು ಬಿಚ್ಚಬೇಕು, ಅಡಿಯಲ್ಲಿರುವ ಹಳದಿ ಕನೆಕ್ಟರು ಏರ್‌ಬ್ಯಾಗಿನದ್ದು. ಕಾರು ಆನ್ ಇರುವಾಗ ಅದನ್ನು ಎಳೆದರೆ ಎಚ್ಚರಿಕೆ ದೀಪ ಹತ್ತಿ ಕೂರುತ್ತದೆ, ಆರಿಸಲು ಸರ್ವಿಸ್ ಸೆಂಟರಿನ ಸ್ಕ್ಯಾನರೇ ಬೇಕು. ಹಳದಿ ಮುಟ್ಟಬಾರದು, ಕಿತ್ತಳೆ ಬಣ್ಣದ ಕೇಬಲಿನ ಹತ್ತಿರವೂ ಸುಳಿಯಬಾರದು. ಅದರಲ್ಲಿ ಹರಿಯುವುದು ಮುನ್ನೂರು ವೋಲ್ಟಿನ ಆಸುಪಾಸು.

ಮ್ಯಾಟ್ ಜಾರದಿರಲಿ ಎಂದೋ ಸೀಟಿನಡಿಗೆ ಸಬ್‌ವೂಫರ್ ಕೂರಿಸಲೆಂದೋ ನೆಲಕ್ಕೆ ಸ್ಕ್ರೂ ಹೊಡೆಯುವ ಚಾಳಿ ಪೆಟ್ರೋಲ್ ಕಾರಿನ ಕಾಲದ್ದು. ಇಲ್ಲಿ ಆ ತಗಡಿನ ಕೆಳಗೆ ಬ್ಯಾಟರಿಯ ಮುಚ್ಚಳವೋ, ಕೂಲೆಂಟ್ ಕೊಳವೆಯೋ, ಕೇಬಲೋ ಇರುತ್ತದೆ. ತಗಲದೇ ಹೋದರೂ ತೂತಿನಿಂದ ಮಳೆನೀರು ಒಳಗೆ ಬರುತ್ತದೆ, ನಾಳೆ ವಾರಂಟಿ ಕೇಳಲು ಹೋದಾಗ ಕಂಪನಿಯವರು ಮೊದಲು ತೋರಿಸುವುದು ಆ ಸ್ಕ್ರೂವನ್ನೇ. ಸ್ಕ್ರೀನ್ ಬದಲಾಯಿಸುವುದೂ ಬೇಡ. ಎಷ್ಟೋ ಕಾರುಗಳಲ್ಲಿ ಚಾರ್ಜಿಂಗ್ ಮಿತಿ, ರೀಜೆನ್ ಹಂತದ ಸೆಟ್ಟಿಂಗುಗಳು ಆ ಸ್ಕ್ರೀನಿನಲ್ಲೇ ಇವೆ. ಹೊರಗಿನ ಸೆಟ್ಟಿಗೆ ಅವು ಗೊತ್ತಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು 12 ವೋಲ್ಟಿನ ಚಿಕ್ಕ ಬ್ಯಾಟರಿಯಲ್ಲಿ. ನಿಂತಾಗಲೂ ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್ 0.25 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. ದಿನಕ್ಕೆ 6, ವಾರಕ್ಕೆ 42 ಆಂಪಿಯರ್ ಅವರ್. ಚಿಕ್ಕ ಬ್ಯಾಟರಿಯ ಸಾಮರ್ಥ್ಯವೇ ಸುಮಾರಾಗಿ ಅಷ್ಟು. ಕಾರನ್ನು ಬೇಸ್‌ಮೆಂಟಿನಲ್ಲಿ ಬಿಟ್ಟು ಮತ್ಸ್ಯಗಂಧ ರೈಲಿನಲ್ಲಿ ಊರಿಗೆ ಹೋಗಿ ಎಂಟು ದಿನಕ್ಕೆ ಬಂದರೆ ದೊಡ್ಡ ಬ್ಯಾಟರಿ ಶೇ. 80 ಇದ್ದೂ ಕಾರು ಏಳುವುದಿಲ್ಲ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಸೇರಿಸುವ ಕಾಂಟ್ಯಾಕ್ಟರು ಎಂಬ ಸ್ವಿಚ್ಚು ಕೆಲಸ ಮಾಡುವುದೇ ಈ 12 ವೋಲ್ಟಿನಿಂದ. ಕೆಲವು ಕಾರುಗಳು ನಿಂತಲ್ಲೇ ಚಿಕ್ಕದಕ್ಕೆ ಚಾರ್ಜ್ ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಕ್ಯಾಮೆರಾ, ಬಣ್ಣದ ದೀಪ ಏನಿದ್ದರೂ ಕಾರು ಆಫ್ ಆದೊಡನೆ ಆಫ್ ಆಗುವ ಫ್ಯೂಸಿನಿಂದ, ಫ್ಯೂಸ್ ಟ್ಯಾಪ್ (ವೈರ್ ಕತ್ತರಿಸದೆ ಫ್ಯೂಸಿನ ಜಾಗದಿಂದಲೇ ಕರೆಂಟು ತೆಗೆಯುವ ಸಾಧನ) ಹಾಕಿ ಎಳೆಯಿರಿ. ವೈರ್ ಸುಲಿದು ಟೇಪ್ ಸುತ್ತುವವರ ಕೈಗೆ ಕಾರು ಕೊಡಬೇಡಿ.

ಕಾಯುವುದಕ್ಕೂ ಖರ್ಚಿದೆ

ತಿಂಗಳಿಗೆ 1,200 ಕಿ.ಮೀ. ಓಡಿಸುವವರ ಲೆಕ್ಕ ಹಾಕೋಣ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟು ಲೀಟರು ₹103 ಆದರೆ 80 ಲೀಟರಿಗೆ ₹8,240. ಎಲೆಕ್ಟ್ರಿಕ್ ಕಾರು ಯೂನಿಟ್ಟಿಗೆ 7 ಕಿ.ಮೀ. ಹೋದರೆ, ಚಾರ್ಜಿಂಗಿನಲ್ಲಿ ಪೋಲಾಗುವುದೂ ಸೇರಿ ಸುಮಾರು 190 ಯೂನಿಟ್, ಯೂನಿಟ್ಟಿಗೆ ₹9ರಂತೆ ₹1,710. ತಿಂಗಳಿಗೆ ಆರೂವರೆ ಸಾವಿರ ಉಳಿತಾಯ. ಹತ್ತು ತಿಂಗಳು ಸ್ಕ್ರೀನಿಗಾಗಿ ಕಾದರೆ ₹65,000 ಪೆಟ್ರೋಲ್ ಬಂಕಿಗೆ. ನವಿ ಮುಂಬೈ ಕಡೆ ಓಡಾಡುವವರು ಅಟಲ್ ಸೇತುವನ್ನೂ ಸೇರಿಸಿಕೊಳ್ಳಿ, 2025ರ ಆಗಸ್ಟಿನಿಂದ ಎಲೆಕ್ಟ್ರಿಕ್ ಕಾರಿಗೆ ಅಲ್ಲಿ ಟೋಲ್ ಇಲ್ಲ.

ಹಾಗಂತ ಡೀಲರು ಹೇಳಿದ ರಿಯಾಯಿತಿಗೆ ತಲೆಯಾಡಿಸಬೇಡಿ. ಹೊಸ ರೂಪ ಬಂದ ದಿನವೇ ಹಳೆಯದರ ಮರುಮಾರಾಟ ಬೆಲೆ ಕುಸಿಯುತ್ತದೆ. ₹15 ಲಕ್ಷದ ಕಾರಿಗೆ ಒಂದೂವರೆ ಲಕ್ಷಕ್ಕಿಂತ ಕಡಿಮೆ ಬಿಟ್ಟರೆ, ಮೂರ್ನಾಲ್ಕು ವರ್ಷಕ್ಕೆ ಮಾರುವ ಯೋಚನೆಯವರು ದೂರ ಇರುವುದೇ ಮೇಲು. ಎಂಟು ವರ್ಷ ಇಟ್ಟುಕೊಳ್ಳುವವರಿಗೆ ಅಷ್ಟು ಬಿಗಿ ಬೇಕಿಲ್ಲ. ವಾರಂಟಿ ಯಾರ ಹೆಸರಿಗೆ ಎಂಬುದನ್ನೂ ಓದಿ: ನೆಕ್ಸಾನ್ ಇವಿಗೆ ಮೊದಲಿಂದ 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಇತ್ತು. ವಿಂಡ್ಸರಿನ ಮೊದಲ ಕಂತಿನವರಿಗೆ ಕೊಟ್ಟ ‘ಆಜೀವ’ ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಮಾತ್ರ.

ಸೆಕೆಂಡ್ ಹ್ಯಾಂಡಿನಲ್ಲಿ ಇನ್ನೂ ಹಳೆಯದಕ್ಕೆ ಕೈಹಾಕುವವರು ಒಳಾಂಗಣಕ್ಕಿಂತ ಮೊದಲು ಚಾರ್ಜಿಂಗ್ ಬಾಯಿ ನೋಡಬೇಕು. ಇ-ವೆರಿಟೊ, ಮೊದಲ ಪೀಳಿಗೆಯ ಟಿಗೊರ್ ಇವಿಗಳಲ್ಲಿ ಭಾರತ್ ಡಿಸಿ-001 ಪದ್ಧತಿಯ ಜಿಬಿ/ಟಿ ಸಾಕೆಟ್ಟಿದೆ. ಈಗ ಹೆದ್ದಾರಿಯಲ್ಲಿ ಸಿಗುವುದು ಬಹುಪಾಲು ಸಿಸಿಎಸ್2 ಎಂಬ ಬೇರೆ ಪ್ಲಗ್ಗು, ಅದು ಇದಕ್ಕೆ ಕೂರದು. ಎಷ್ಟೇ ಅಗ್ಗ ಇರಲಿ, ಬಿಟ್ಟುಬಿಡಿ.

ಹಳೆಯ ಸ್ಟಾಕು ತಗೊಳ್ಳುವುದೆಂದು ನಿರ್ಧರಿಸಿದರೆ ದುಡ್ಡು ಕಟ್ಟುವ ಮೊದಲು ಡೀಲರು ಕಾರು ನಿಲ್ಲಿಸಿಡುವ ಯಾರ್ಡಿಗೆ ಹೋಗಿ. ಟೈರಿನ ಬದಿಯ ನಾಲ್ಕಂಕಿ ಓದಿ, 2324 ಅಂದರೆ 2024ರ 23ನೇ ವಾರ. ಮಳೆಗಾಲ ಯಾರ್ಡಿನಲ್ಲೇ ಕಳೆದ ಕಾರಾದರೆ ಸೀಟ್ ಬೆಲ್ಟನ್ನು ಕೊನೆತನಕ ಎಳೆಯಿರಿ, ಬೂಷ್ಟು ಇದ್ದರೆ ಅಲ್ಲಿ ಕಾಣುತ್ತದೆ. ಮುಂದಿನ ಮ್ಯಾಟ್ ಎತ್ತಿ ಕಾರ್ಪೆಟ್ಟಿನ ಮೇಲೆ ಟಿಶ್ಯೂ ಒತ್ತಿ ನೋಡಿ. 12 ವೋಲ್ಟಿನ ಬ್ಯಾಟರಿ ಒಮ್ಮೆ ಸತ್ತು ಜಂಪ್ ಮಾಡಿಸಿದ್ದೇ ಎಂದು ಕೇಳಿ, ಹೌದೆಂದರೆ ಹೊಸದು ಹಾಕಿಸಿಕೊಳ್ಳಿ. ಒಮ್ಮೆ ಎಸಿ (ಮನೆಯ ನಿಧಾನದ) ಚಾರ್ಜರಿಗೂ ಒಮ್ಮೆ ಡಿಸಿ (ಹೆದ್ದಾರಿಯ ವೇಗದ) ಚಾರ್ಜರಿಗೂ ನಿಮ್ಮೆದುರೇ ಸಿಕ್ಕಿಸಲಿ.

ಬುಕಿಂಗ್ ಫಾರ್ಮಿನಲ್ಲಿ ‘ಬೆಲೆ ಡಿಲಿವರಿ ದಿನದ್ದು’ ಎಂಬ ಸಾಲು ಇದ್ದೇ ಇರುತ್ತದೆ. ಅದರ ಪಕ್ಕದಲ್ಲಿ ಇನ್ನು ನಾಲ್ಕನ್ನು ಕೈಯಿಂದ ಬರೆಸಿ ಸೀಲ್ ಹಾಕಿಸಿ: ತಯಾರಾದ ತಿಂಗಳು-ವರ್ಷ, ಏರ್‌ಬ್ಯಾಗಿನ ಸಂಖ್ಯೆ, ಕಾರಿನೊಳಗಿನ ಚಾರ್ಜರು 3.3 ಕಿಲೋವ್ಯಾಟಿನದೋ 7.2ರದೋ, ಮತ್ತು ಚಾಸಿ ನಂಬರ್ ಹಂಚುವ ಮೊದಲು ಹೊಸ ರೂಪ ಬಂದರೆ ಬುಕಿಂಗ್ ಹಣ ಪೂರ್ತಿ ವಾಪಸು. ‘ಅದೆಲ್ಲ ಬೇಡ ಸರ್, ನಾವಿದ್ದೀವಲ್ಲ’ ಅಂದರೆ ಪಕ್ಕದ ಡೀಲರಿನ ಬಳಿ ಹೋಗಿ. ಆರ್‌ಸಿ ಕೈಗೆ ಬಂದ ದಿನ ಅದರಲ್ಲಿರುವ ತಯಾರಿಕೆಯ ತಿಂಗಳನ್ನು ಈ ಫಾರ್ಮಿನ ಜೊತೆ ತಾಳೆ ನೋಡಿ.