ಡೈರಿಯಲ್ಲಿ ಒಂದೇ ಸಾಲು ಪಡೆದ ಊರುಗಳು

31 ಡಿಸೆಂಬರ್ 2019, ಮಂಗಳವಾರ
ನಾಪೋಕ್ಲು ಸಮೀಪ, ಕೊಡಗು

ಕಾಫಿ ಕೊಯ್ಲಿನ ಕಾಲವಾದ್ದರಿಂದ ಹಗಲೆಲ್ಲ ಕಣದ ಕೆಲಸದಲ್ಲೇ ಕಳೆಯಿತು. ಇಬ್ಬನಿ ಬೀಳುವ ಮುನ್ನ ಹರವಿದ್ದ ಹಣ್ಣನ್ನು ಗುಡ್ಡೆ ಮಾಡಿ, ಟಾರ್ಪಾಲು ಹೊದಿಸಿ ಒಳಗೆ ಬಂದಾಗ ಆರೂವರೆ ಗಂಟೆ. ವರ್ಷದ ಕೊನೆಯ ರಾತ್ರಿ ಇಡೀ ಡೈರಿಯನ್ನು ಮೊದಲಿನಿಂದ ಓದುವುದು ನನ್ನ ಹಳೆಯ ಅಭ್ಯಾಸ. ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದ ದಿನಗಳಿಂದಲೂ ಪ್ರತಿ ಪುಟದ ಮೇಲ್ಭಾಗದಲ್ಲಿ ಮಳೆ ಎಷ್ಟು ಇಂಚು ಬಿತ್ತೆಂದೂ ಅದರ ಕೆಳಗೆ ಆ ದಿನದ ಮುಖ್ಯ ಸುದ್ದಿಯನ್ನೂ ಬರೆದಿಡುತ್ತ ಬಂದಿದ್ದೇನೆ. ಈ ವರ್ಷದ ಪುಟಗಳಲ್ಲಿ ಭಯೋತ್ಪಾದಕ ದಾಳಿಗಳ ಸುದ್ದಿ ಎಷ್ಟು ಸಲ ಬಂದಿದೆಯೆಂದರೆ, ಓದುತ್ತ ಓದುತ್ತ ಅವುಗಳನ್ನು ಮಾತ್ರ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು ಹೋದೆ. ಗುರುತು ಹಾಕಿ ಮುಗಿದ ಮೇಲೆ ನನ್ನ ಬಗ್ಗೆಯೇ ನನಗೆ ಬೇಸರವಾಯಿತು. ಪುಲ್ವಾಮಾಕ್ಕೆ ನಾಲ್ಕು ಪುಟ, ಶ್ರೀಲಂಕಾಕ್ಕೆ ಐದು ಪುಟ ಬರೆದಿದ್ದೇನೆ. ಕಾಬೂಲಿಗೆ ಎರಡು ಸಾಲು, ಮಾಲಿ ದೇಶಕ್ಕೆ ಒಂದು ಸಾಲು. ನೈಜರ್‌ಗೆ ಅದೂ ಇಲ್ಲ.

ಫೆಬ್ರವರಿ 14ರ ಪುಟದಲ್ಲಿ ಅಕ್ಷರಗಳು ಓರೆಯಾಗಿವೆ. ಜಮ್ಮು–ಶ್ರೀನಗರ ಹೆದ್ದಾರಿಯ ಲೇಥ್‌ಪೊರಾದಲ್ಲಿ 78 ವಾಹನಗಳ ಸಾಲಿನಲ್ಲಿ ಸುಮಾರು 2,500 ಸಿಆರ್‌ಪಿಎಫ್ ಸಿಬ್ಬಂದಿ ಸಾಗುತ್ತಿದ್ದಾಗ, ಸ್ಫೋಟಕ ತುಂಬಿದ ಕಾರು ಬಸ್ಸಿಗೆ ಗುದ್ದಿ 40 ಮಂದಿ ಪ್ರಾಣ ಕಳೆದುಕೊಂಡರು. ಜೈಷ್-ಎ-ಮೊಹಮ್ಮದ್ ಹೊಣೆ ಹೊತ್ತುಕೊಂಡಿತು. ಕಾರು ಓಡಿಸಿದವನು ಅದೇ ಜಿಲ್ಲೆಯ ಹುಡುಗ. ಪಕ್ಕದ ಮನೆಯಲ್ಲಿರುವ ಭಾವ ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು, ಅದೇ ಹೆದ್ದಾರಿಯಲ್ಲಿ ಎಷ್ಟೋ ಬೆಳಗುಗಳಲ್ಲಿ ರಸ್ತೆ ತಪಾಸಣೆ ಮಾಡುತ್ತ ನಡೆದವರು. ಆ ಸಂಜೆ ಟಿವಿಯ ಮುಂದೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಕಾನ್ವಾಯ್ ಹೋಗುವಾಗ ಹಿಂದೆಲ್ಲ ಬೇರೆ ಗಾಡಿಗಳನ್ನು ನಿಲ್ಲಿಸುತ್ತಿದ್ದೆವು. ಜನರಿಗೆ ತೊಂದರೆಯಾಗುತ್ತದೆಂದು ಅದನ್ನು ಸಡಿಲಿಸಿದರು. ಯಾವುದನ್ನು ತಪ್ಪು ಅನ್ನಲಿ, ನೀನೇ ಹೇಳು" ಎಂದರು. ನನಗೆ ಉತ್ತರ ಹೊಳೆಯಲಿಲ್ಲ. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಯೋಧನೊಬ್ಬ ಸತ್ತವರಲ್ಲಿದ್ದನು. ಸೈನ್ಯಕ್ಕೆ ಮಕ್ಕಳನ್ನು ಕಳುಹಿಸುವ ಮನೆಗಳೇ ತುಂಬಿರುವ ನಮ್ಮ ಜಿಲ್ಲೆಯಲ್ಲಿ ಆ ವಾರ ಗಡಿಯಲ್ಲಿರುವ ಮಗನಿಗೋ ಅಳಿಯನಿಗೋ ಫೋನು ಹಚ್ಚದ ಮನೆ ಇದ್ದಿರಲಾರದು. ಈ ನಾಲ್ಕು ಪುಟಗಳ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ಹಿಂದಿನ ದಿನವೇ ಇರಾನಿನ ಝಾಹೆದಾನ್ ಬಳಿ ಹೀಗೆಯೇ ಕಾರು ಬಾಂಬಿನಿಂದ ಸೈನಿಕರ ಬಸ್ಸನ್ನು ಸ್ಫೋಟಿಸಿ 27 ಮಂದಿಯನ್ನು ಕೊಂದದ್ದು ನನ್ನ ಡೈರಿಯಲ್ಲಿಲ್ಲ. ಅಲ್ಲಿಯೂ ತಾಯಂದಿರು ಫೋನು ಹಚ್ಚಿ ಕುಳಿತಿದ್ದಿರಬೇಕು.

ಮಾರ್ಚ್ 15 ಶುಕ್ರವಾರ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ಬಿಳಿಯರ ಶ್ರೇಷ್ಠತೆಯ ಹುಚ್ಚು ಹಿಡಿದ ಒಬ್ಬ ಆಸ್ಟ್ರೇಲಿಯದವನು ಎರಡು ಮಸೀದಿಗಳಿಗೆ ನುಗ್ಗಿ ಪ್ರಾರ್ಥನೆಗೆ ಬಂದವರ ಮೇಲೆ ಗುಂಡು ಹಾರಿಸಿದ. 51 ಜನ ಸತ್ತರು, ಅವರಲ್ಲಿ ಐವರು ಭಾರತೀಯರು. ಅದನ್ನು ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಮಾಡಿದ ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿತು. ಅಲ್ ನೂರ್ ಮಸೀದಿಯ ಬಾಗಿಲಲ್ಲಿದ್ದ ಒಬ್ಬರು, ಬರುತ್ತಿರುವವನು ಯಾರೆಂದು ತಿಳಿಯದೆ, ಅವನನ್ನು ಸಹೋದರ ಎಂದು ಕರೆದು ಸ್ವಾಗತಿಸಿದ್ದರು. ಲಿನ್‌ವುಡ್ ಮಸೀದಿಯಲ್ಲಿ ಇನ್ನೊಬ್ಬರು ಕೈಗೆ ಸಿಕ್ಕ ಕಾರ್ಡ್ ಯಂತ್ರವನ್ನೇ ಅವನತ್ತ ಎಸೆದು ಅಟ್ಟಿಸಿಕೊಂಡು ಹೋದರು. ಬಾಂಗ್ಲಾದೇಶದ ಕ್ರಿಕೆಟ್ ತಂಡ ಪತ್ರಿಕಾಗೋಷ್ಠಿ ತಡವಾದ ಕಾರಣದಿಂದ ಕೆಲವೇ ನಿಮಿಷಗಳ ಅಂತರದಲ್ಲಿ ಉಳಿಯಿತು.

ಆ ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಟಾರ್ಚು ಹಿಡಿದು ನಮ್ಮ ಮನೆಗೆ ಬಂದರು. ಮಗ ಆಕ್ಲಂಡ್‌ನಲ್ಲಿದ್ದಾನೆ, ಶುಕ್ರವಾರದ ನಮಾಜು ತಪ್ಪಿಸುವವನಲ್ಲ, ಫೋನು ಎತ್ತುತ್ತಿಲ್ಲ. "ಟೀಚರೇ, ಅವನಿರುವ ಊರಿಗೂ ಈ ಊರಿಗೂ ಎಷ್ಟು ದೂರ, ನಿಮ್ಮ ಪುಸ್ತಕದಲ್ಲಿ ನೋಡಿ ಹೇಳಿ" ಎಂದು ಕೇಳಿದರು. ಶಾಲೆಯಿಂದ ಬರುವಾಗ ತಂದ ಹಳೆಯ ಅಟ್ಲಾಸ್ ತೆಗೆದು, ಆಕ್ಲಂಡ್ ಉತ್ತರ ದ್ವೀಪದಲ್ಲಿದೆ, ಇದು ದಕ್ಷಿಣ ದ್ವೀಪ, ನಡುವೆ ಸಮುದ್ರವಿದೆ ಎಂದು ಬೆರಳಿಟ್ಟು ತೋರಿಸಿದೆ. ಅವರು ಆ ನೀಲಿ ಗೆರೆಯನ್ನು ಮುಟ್ಟಿ ನೋಡಿ ಕಣ್ಣೊರೆಸಿಕೊಂಡರು. ಮಗನ ಫೋನು ಮರುದಿನ ಬೆಳಗ್ಗೆ ಬಂತು.

ಪ್ರಧಾನಿ ಜಸಿಂಡಾ ಆರ್ಡರ್ನ್ ಕೊಲೆಗಾರನ ಹೆಸರನ್ನು ತಾವು ಎಂದೂ ಉಚ್ಚರಿಸುವುದಿಲ್ಲವೆಂದು ಸಂಸತ್ತಿನಲ್ಲಿ ಹೇಳಿದರು. 26 ದಿನಗಳೊಳಗೆ ಸೆಮಿ ಆಟೊಮ್ಯಾಟಿಕ್ ಬಂದೂಕುಗಳನ್ನು ನಿಷೇಧಿಸುವ ಕಾನೂನು 119 ಮತಗಳಿಂದ ಅಂಗೀಕಾರವಾಯಿತು, ವಿರುದ್ಧ ಬಿದ್ದದ್ದು ಒಂದೇ ಮತ. ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುವ ಮನೆಯಲ್ಲಿ ಕುಳಿತು ಇದನ್ನು ಬರೆಯುವಾಗ ನಾನು ಬಹಳ ಯೋಚಿಸಿದೆ. ನಮ್ಮಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಗಾಳಿಯಲ್ಲಿ ಹಾರಿಸುತ್ತಾರೆ. ನಮ್ಮ ಮನೆಯವರು ತೀರಿಕೊಂಡಾಗ ಭಾವನವರೇ ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿದ್ದರು. ಆ ಸದ್ದು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು, ಸತ್ತವರು ಯಾರೆಂದು ವಿಚಾರಿಸುತ್ತ ತೋಟದ ದಾರಿಗಳಲ್ಲಿ ನಡೆದು ಬಂದಿದ್ದರು. ಕೋವಿಯ ಸದ್ದಿಗೆ ನಾನು ಬಲ್ಲ ಅರ್ಥ ಅದು.

ಏಪ್ರಿಲ್ 21, ಈಸ್ಟರ್ ಭಾನುವಾರ. ಶ್ರೀಲಂಕಾದಲ್ಲಿ ಇಸ್ಲಾಮಿಕ್ ಉಗ್ರರ ಆತ್ಮಾಹುತಿ ಬಾಂಬುಗಳು ಸಿಡಿದವು: ಕೊಲಂಬೊದ ಸಂತ ಅಂತೋಣಿ ಚರ್ಚು, ನೆಗೊಂಬೊದ ಸಂತ ಸೆಬಾಸ್ಟಿಯನ್ ಚರ್ಚು, ಬ್ಯಾಟಿಕಲೋವದ ಝಯಾನ್ ಚರ್ಚು, ಜೊತೆಗೆ ಕೊಲಂಬೊದ ಮೂರು ಐಷಾರಾಮಿ ಹೋಟೆಲುಗಳು. ಲೋಕಸಭೆಗೆ ಏಪ್ರಿಲ್ 18ರ ಮತದಾನ ಮುಗಿಸಿಕೊಂಡು ನಾಲ್ಕು ದಿನ ವಿಶ್ರಾಂತಿಗೆಂದು ಹೋಗಿದ್ದ ಕರ್ನಾಟಕದ ರಾಜಕೀಯ ಕಾರ್ಯಕರ್ತರೂ ಸತ್ತವರಲ್ಲಿದ್ದರು. ನನ್ನ ಡೈರಿಯಲ್ಲಿ ಇಲ್ಲೊಂದು ಹೊಡೆದುಹಾಕಿದ ಅಂಕಿಯಿದೆ. ಮೊದಲು 359 ಎಂದು ಬರೆದಿದ್ದೆ; ದಾಳಿಯಾದ ನಾಲ್ಕು ದಿನಗಳ ನಂತರ ಅಲ್ಲಿನ ಸರ್ಕಾರವೇ ಎಣಿಕೆ ತಪ್ಪಿತೆಂದು ಹೇಳಿ 253ಕ್ಕೆ ಇಳಿಸಿತು. ದೇಹಗಳು ಎಣಿಸಲಾಗದ ಸ್ಥಿತಿಯಲ್ಲಿದ್ದವು ಎಂಬ ವಿವರಣೆಯನ್ನು ಓದಿದ ಮೇಲೆ, ಸಂಖ್ಯೆ ಕಡಿಮೆಯಾಯಿತೆಂಬ ಸಮಾಧಾನವೂ ಬರಲಿಲ್ಲ. ಬ್ಯಾಟಿಕಲೋವದಲ್ಲಿ ಸತ್ತವರಲ್ಲಿ ಅನೇಕರು ಭಾನುವಾರದ ಪಾಠಕ್ಕೆ ಬಂದಿದ್ದ ಮಕ್ಕಳು. ಚೀಲ ಹೊತ್ತು ಬಂದವನ ಬಗ್ಗೆ ಸಂಶಯಪಟ್ಟ ಒಬ್ಬ ತಂದೆ ಅವನನ್ನು ಒಳಗೆ ಬಿಡದೆ ಹೊರಗೇ ತಡೆದು ನಿಲ್ಲಿಸಿದ್ದರಿಂದ ಒಳಗಿದ್ದವರಲ್ಲಿ ಬಹಳ ಜನ ಉಳಿದರು. ಆ ತಂದೆ ಉಳಿಯಲಿಲ್ಲ.

ಭಾರತದ ಗುಪ್ತಚರರು ಏಪ್ರಿಲ್ 4ರಂದೇ ಎಚ್ಚರಿಕೆ ಕೊಟ್ಟಿದ್ದರೂ ಅಲ್ಲಿನ ಅಧ್ಯಕ್ಷರಿಗೂ ಪ್ರಧಾನಿಗೂ ಇದ್ದ ವೈಮನಸ್ಸಿನ ನಡುವೆ ಅದು ಕಡತದಲ್ಲೇ ಉಳಿಯಿತು. ದುಷ್ಟತನವನ್ನು ನಾನು ಹೇಗೋ ಅರ್ಥ ಮಾಡಿಕೊಳ್ಳಬಲ್ಲೆ, ಈ ಉದಾಸೀನವನ್ನು ಕ್ಷಮಿಸಲಾರೆ. ಮೇ ತಿಂಗಳಲ್ಲಿ ಅಲ್ಲಿ ಜನರ ಗುಂಪುಗಳು, ಈ ದಾಳಿಯೊಂದಿಗೆ ಯಾವ ಸಂಬಂಧವೂ ಇಲ್ಲದ ಮುಸ್ಲಿಮರ ಅಂಗಡಿ, ಮನೆ, ಮಸೀದಿಗಳನ್ನು ಸುಟ್ಟವು. ಬಾಂಬು ಇಟ್ಟವರಿಗೆ ಬೇಕಾಗಿದ್ದುದೇ ಅದು. ಅದರ ಬಿಸಿ ಎಷ್ಟು ದೂರ ತಲುಪುತ್ತದೆಂಬುದನ್ನು ಇಲ್ಲಿಯೇ ಕಂಡೆ. ಆ ವಾರ ಸುತ್ತಲಿನ ಕೆಲವು ತೋಟಗಳವರು ಲೈನ್‌ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರ ಆಧಾರ್ ಕಾರ್ಡುಗಳನ್ನು ಎರಡೆರಡು ಸಲ ಕೇಳಿ, ಅವರ ಚೀಲಗಳನ್ನು ಸುರಿಸಿ ನೋಡಿದರು. ಸಂಜೆ ನನ್ನ ಹತ್ತಿರ ಕನ್ನಡ ಅಕ್ಷರ ಕಲಿಯಲು ಬರುತ್ತಿದ್ದ ಹುಡುಗಿಯನ್ನು ಅವಳ ತಂದೆ ಹದಿನೈದು ದಿನ ಕಳುಹಿಸಲಿಲ್ಲ. ನಾನೇ ಹೋಗಿ ಕರೆದ ಮೇಲೆ ಬಂದಳು. ದಾಖಲೆ ಕೇಳುವುದು ತಪ್ಪೆಂದು ನಾನು ಹೇಳುತ್ತಿಲ್ಲ; ನಿನ್ನೆಯವರೆಗೆ ಹೆಸರು ಹಿಡಿದು ಕರೆಯುತ್ತಿದ್ದವನನ್ನು ಒಂದು ಟಿವಿ ಸುದ್ದಿಯ ಮೇಲೆ ಅಪರಿಚಿತನಾಗಿ ಮಾಡುವುದು ತಪ್ಪು.

ಮೇ 1ರಂದು ಗಡಚಿರೋಲಿಯಲ್ಲಿ ಮಾವೊವಾದಿಗಳ ನೆಲಬಾಂಬಿಗೆ 15 ಪೊಲೀಸರೂ ಅವರ ವಾಹನದ ಚಾಲಕನೂ ಬಲಿಯಾದರು. ಕೊಲಂಬಿಯಾದ ಬೊಗೊಟಾದಲ್ಲಿ ಜನವರಿ 17ರಂದು ಪೊಲೀಸ್ ತರಬೇತಿ ಶಾಲೆಯ ಮೇಲೆ ಕಾರು ಬಾಂಬು ದಾಳಿ ಎಸಗಿದ್ದು ಇಎಲ್‌ಎನ್ ಎಂಬ ಎಡಪಂಥೀಯ ಗೆರಿಲ್ಲಾ ಪಡೆ. ಭಯೋತ್ಪಾದನೆಗೆ ಒಂದೇ ಧರ್ಮವಿದೆ, ಒಂದೇ ಮುಖವಿದೆ ಎಂದು ಮದುವೆ ಮನೆಗಳಲ್ಲಿ ವಾದಿಸುವವರಿಗೆ ಈ ಡೈರಿಯನ್ನು ಓದಲು ಕೊಡಬೇಕೆನಿಸುತ್ತದೆ.

ಆಗಸ್ಟ್ ತಿಂಗಳ ಪುಟಗಳಲ್ಲಿ ಮಳೆಯೇ ಮಳೆ. ತೋರದಲ್ಲಿ ಗುಡ್ಡ ಕುಸಿದ ವಾರ ನಮಗೆ ಕರೆಂಟೂ ಇರಲಿಲ್ಲ, ಪತ್ರಿಕೆಯೂ ಇರಲಿಲ್ಲ. 3ರಂದು ಅಮೆರಿಕದ ಎಲ್ ಪಾಸೊದಲ್ಲಿ, ಶಾಲೆ ಶುರುವಾಗುವ ಮುನ್ನ ಮಕ್ಕಳಿಗೆ ಸಾಮಾನು ಕೊಳ್ಳಲು ವಾಲ್‌ಮಾರ್ಟ್ ಮಳಿಗೆಗೆ ಬಂದಿದ್ದವರ ಮೇಲೆ ವಲಸಿಗರ ದ್ವೇಷಿಯೊಬ್ಬ ಗುಂಡು ಹಾರಿಸಿ 22 ಜನರನ್ನು ಕೊಂದದ್ದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಅವನ ಬರಹದಲ್ಲಿ ಕ್ರೈಸ್ಟ್‌ಚರ್ಚ್ ಕೊಲೆಗಾರನ ಹೊಗಳಿಕೆಯಿತ್ತು. ಏಪ್ರಿಲ್ 27ರಂದು ಕ್ಯಾಲಿಫೋರ್ನಿಯಾದ ಯೆಹೂದಿ ಮಂದಿರವೊಂದರಲ್ಲಿ ಗುಂಡು ಹಾರಿಸಿದವನೂ ಅವನನ್ನೇ ನೆನೆದಿದ್ದ. ಅಕ್ಟೋಬರ್ 9ರಂದು ಜರ್ಮನಿಯ ಹಾಲೆ ನಗರದಲ್ಲಿ ಮತ್ತೊಬ್ಬ ಅದೇ ರೀತಿ ನೇರಪ್ರಸಾರ ಮಾಡುತ್ತ ಯೆಹೂದಿಗಳ ಪವಿತ್ರ ಉಪವಾಸದ ದಿನ ಅವರ ಮಂದಿರಕ್ಕೆ ನುಗ್ಗಲು ನೋಡಿದ. ಒಳಗೆ ಐವತ್ತರಷ್ಟು ಜನ ಕ್ಯಾಮೆರಾದ ಪರದೆಯಲ್ಲಿ ಅವನನ್ನು ನೋಡುತ್ತ ಇದ್ದರು. ಗಟ್ಟಿ ಮರದ ಬಾಗಿಲು ಅವನ ಗುಂಡುಗಳಿಗೆ ಜಗ್ಗಲಿಲ್ಲ. ಆ ಸಿಟ್ಟಿನಲ್ಲಿ ಅವನು ಹೊರಗೆ ಸಿಕ್ಕ ಇಬ್ಬರನ್ನು ಕೊಂದ. ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಹಳೆಯ ಬಾಗಿಲ ಬಳಿ ಹೋದಾಗಲೆಲ್ಲ ನನಗೆ ಆ ಬಾಗಿಲು ನೆನಪಾಗುತ್ತದೆ.

ಕಾಬೂಲಿನ ಎರಡು ಸಾಲು ಆಗಸ್ಟ್ 18ರ ಪುಟದಲ್ಲಿವೆ: "ಮಳೆ ಸ್ವಲ್ಪ ಇಳಿದಿದೆ. ಕಾಬೂಲಿನಲ್ಲಿ ಮದುವೆ ಮನೆಯಲ್ಲಿ ಬಾಂಬು, 63 ಸಾವು." ಅಷ್ಟೇ. ಸಾವಿರಕ್ಕೂ ಹೆಚ್ಚು ಜನ ಸೇರಿದ್ದ ಮದುವೆಯದು, ಬಹುತೇಕ ಶಿಯಾ ಹಜಾರಾ ಸಮುದಾಯದವರು. ಐಸಿಸ್‌ನ ಆತ್ಮಾಹುತಿ ದಾಳಿಕೋರ ಗಂಡಸರ ಕಡೆಯ ಸಭಾಂಗಣದಲ್ಲಿ, ವಾದ್ಯದವರ ವೇದಿಕೆಯ ಹತ್ತಿರ ತನ್ನನ್ನು ಸ್ಫೋಟಿಸಿಕೊಂಡ. ವಾಲಗದ ಸದ್ದು ಕೇಳಿದರೆ ಮುದುಕರೂ ಎದ್ದು ಕುಣಿಯುವ ನಮ್ಮ ಮದುವೆಗಳ ನೆನಪಿನಲ್ಲಿ ಓದಿದರೆ ಆ ವೇದಿಕೆಯ ಸುತ್ತ ಯಾರು ಯಾರು ನಿಂತಿದ್ದರೆಂದು ಯಾರೂ ಹೇಳಬೇಕಾಗಿಲ್ಲ. ಮದುಮಗ ಬದುಕಿ ಉಳಿದ. ಇನ್ನು ತನ್ನ ಬಾಳಿನಲ್ಲಿ ಸಂತೋಷವೆಂಬುದಿಲ್ಲ ಎಂದು ಅವನು ಹೇಳಿದ್ದನ್ನು ಓದಿಯೂ ನಾನು ಬರೆದಿಟ್ಟುಕೊಳ್ಳಲಿಲ್ಲ.

ಸಿಡ್ನಿಯ ಅರ್ಥಶಾಸ್ತ್ರ ಮತ್ತು ಶಾಂತಿ ಸಂಸ್ಥೆ ಕಳೆದ ತಿಂಗಳು ಹೊರತಂದ ವರದಿಯ ಪ್ರಕಾರ 2018ರಲ್ಲಿ ಜಗತ್ತಿನಾದ್ಯಂತ ಭಯೋತ್ಪಾದನೆಗೆ ಬಲಿಯಾದವರು 15,952 ಮಂದಿ, ಅವರಲ್ಲಿ 7,379 ಜನ ಅಫ್ಘಾನಿಸ್ತಾನ ಒಂದರಲ್ಲೇ. 2014ರಲ್ಲಿ ಈ ಸಂಖ್ಯೆ ಇದರ ಎರಡು ಪಟ್ಟಿಗೂ ಹೆಚ್ಚಿತ್ತು. ಇರಾಕ್ ಮತ್ತು ಸಿರಿಯಾಗಳಲ್ಲಿ ಐಸಿಸ್ ನೆಲೆ ಕಳೆದುಕೊಂಡಂತೆ ಇಳಿಯಿತು. ಈ ಮಾರ್ಚ್‌ನಲ್ಲಿ ಸಿರಿಯಾದ ಬಾಘುಜ್‌ನಲ್ಲಿ ಅದರ ಕೊನೆಯ ತುಂಡು ನೆಲವೂ ಹೋಯಿತು, ಅಕ್ಟೋಬರ್ ಕೊನೆಯಲ್ಲಿ ಅದರ ನಾಯಕ ಬಗ್ದಾದಿ ಸತ್ತ. ಆದರೆ ಬೆಂಕಿ ಸಹಾರಾದ ದಕ್ಷಿಣದ ಅಂಚಿಗೆ ಸರಿದಿದೆ. ಅಲ್ಲಿ ಬರ, ದನ ಮೇಯಿಸುವವರಿಗೂ ಉಳುವವರಿಗೂ ನೆಲದ ಜಗಳ, ಊರಿನ ಕಡೆ ಸುಳಿಯದ ಸರ್ಕಾರ. ಬಂದೂಕು ಹಿಡಿದು ಬಂದವನು ರಕ್ಷಣೆ ಕೊಡುತ್ತೇನೆಂದರೆ ಹುಡುಗರು ಹಿಂದೆ ಹೋಗುತ್ತಾರೆ. ಮಾಲಿಯ ಒಗೊಸಾಗು ಹಳ್ಳಿಯಲ್ಲಿ ಮಾರ್ಚ್ 23ರಂದು ಸುಮಾರು 160 ಜನ ಫುಲಾನಿ ದನಗಾಹಿಗಳನ್ನು, ಉಗ್ರರಿಗೆ ಆಶ್ರಯ ಕೊಟ್ಟರೆಂಬ ಆರೋಪದ ಮೇಲೆ, ನೆರೆಯ ಸಮುದಾಯದ ಸಶಸ್ತ್ರ ಗುಂಪು ಕೊಂದಿತು. ನೈಜರ್‌ನ ಇನಾಟೆಸ್ ಸೇನಾ ಶಿಬಿರದಲ್ಲಿ ಡಿಸೆಂಬರ್ 10ರಂದು 71 ಸೈನಿಕರು ಸತ್ತರು; ಆ ವಾರ ನಾನು ಹುತ್ತರಿಯ ಕದಿರಿನ ಬಗ್ಗೆ ಎರಡು ಪುಟ ಬರೆದಿದ್ದೇನೆ. ಬುರ್ಕಿನಾ ಫಾಸೊದ ಅರ್ಬಿಂಡಾದಲ್ಲಿ ಕ್ರಿಸ್‌ಮಸ್‌ನ ಹಿಂದಿನ ದಿನ 35 ನಾಗರಿಕರು ಹತರಾದರು, 31 ಮಂದಿ ಹೆಂಗಸರು.

ಲಂಡನ್ ಸೇತುವೆಯ ಬಳಿ ನವೆಂಬರ್ 29ರಂದು ಸತ್ತವರು ಇಬ್ಬರು. ಕೈದಿಗಳ ಪುನರ್ವಸತಿಗಾಗಿ ದುಡಿಯುತ್ತಿದ್ದ ಯುವಕ, ಯುವತಿ. ಕೊಂದವನು ಅದೇ ಪುನರ್ವಸತಿಯ ಸಭೆಗೆ ಬಂದಿದ್ದ, ಬಿಡುಗಡೆಯಾದ ಕೈದಿ. ತನ್ನ ಮಗನ ಸಾವನ್ನು ಕಠಿಣ ಶಿಕ್ಷೆಗಳಿಗೆ ನೆಪವಾಗಿ ಬಳಸಬೇಡಿ ಎಂದು ಯುವಕನ ತಂದೆ ಕೇಳಿಕೊಂಡರು. ಆ ಇಬ್ಬರ ಮುಖ, ಓದು, ಅವರು ಬಯಸಿದ್ದು ಎಲ್ಲವೂ ನನಗೆ ಗೊತ್ತು. ಅರ್ಬಿಂಡಾದ 31 ಹೆಂಗಸರಲ್ಲಿ ಒಬ್ಬಳ ಹೆಸರೂ ಗೊತ್ತಿಲ್ಲ.

ಎಂಟು ಗಂಟೆಗೆ ಭಾವ ಹಾಲು ತೆಗೆದುಕೊಂಡು ಹೋಗಲು ಬಂದರು. ನಾನು ಡಿಸೆಂಬರ್ 28ರ ಪುಟ ತೆರೆದು ಕುಳಿತಿದ್ದೆ. ಸೊಮಾಲಿಯಾದ ಮೊಗದಿಶುವಿನಲ್ಲಿ, ಬೆಳಗಿನ ಗಿಜಿಗುಡುವ ಹೊತ್ತಿನಲ್ಲಿ, ತಪಾಸಣಾ ಠಾಣೆಯ ಬಳಿ ಲಾರಿ ಬಾಂಬು. ಎಂಬತ್ತರ ಆಸುಪಾಸಿನಲ್ಲಿ ಸಾವು, ಬಸ್ಸಿನಲ್ಲಿ ಹೋಗುತ್ತಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅವರಲ್ಲಿ ಅನೇಕರು. ಅಲ್-ಶಬಾಬ್ ಎಂಬ ಅಲ್ಲಿನ ಉಗ್ರರ ಗುಂಪು ನಿನ್ನೆ ಹೊಣೆ ಹೊತ್ತಿದೆ. ಜನವರಿಯಲ್ಲಿ ನೈರೋಬಿಯ ಹೋಟೆಲಿಗೆ ನುಗ್ಗಿ 21 ಜನರನ್ನು ಕೊಂದದ್ದೂ ಅವರೇ. 2017ರ ಅಕ್ಟೋಬರ್‌ನಲ್ಲಿ ಇದೇ ಮೊಗದಿಶುವಿನಲ್ಲಿ ಒಂದೇ ಲಾರಿಯಿಂದ 500ಕ್ಕೂ ಹೆಚ್ಚು ಜನ ಸತ್ತಿದ್ದರು.

"ಮೊಗದಿಶುವೇ?" ಎಂದು ಭಾವ ಹಾಲಿನ ತಂಬಿಗೆ ಕೆಳಗಿಟ್ಟು ಕುಳಿತರು. 1993ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನೆಗೆ ಹೋದ ಭಾರತೀಯ ಬ್ರಿಗೇಡಿನಲ್ಲಿ ಅವರಿದ್ದರೆಂಬುದು ನನಗೆ ಮರೆತೇ ಹೋಗಿತ್ತು. ಅಲ್ಲಿಯೂ ನಮ್ಮ ಸೈನಿಕರು, ವೈದ್ಯರು ಪ್ರಾಣ ಕೊಟ್ಟಿದ್ದಾರೆ. ಅಟ್ಲಾಸ್ ತೆರೆದೆ. ಅವರು ಕರಾವಳಿಯಿಂದ ಒಳನಾಡಿಗೆ ಬೆರಳು ಸರಿಸಿ, "ಇಲ್ಲಿ ಬೈದೋವಾ. ಬಾವಿ ತೋಡಿಸಿದೆವು. ನೀರು ಬಂದ ದಿನ ಒಬ್ಬ ಹುಡುಗ ನನ್ನ ಬೆರಳು ಹಿಡಿದುಕೊಂಡವನು ಸಂಜೆಯವರೆಗೆ ಬಿಡಲಿಲ್ಲ. ಈಗ ಅವನಿಗೆ ಮೂವತ್ತೈದು ದಾಟಿರಬೇಕು. ಕಾಲೇಜಿಗೆ ಹೋಗುವ ಮಕ್ಕಳಿರುವ ವಯಸ್ಸು" ಎಂದರು.

ಹುಡುಗನ ಹೆಸರೇನೆಂದು ಕೇಳಿದೆ. ಅವರು ತುಸು ಹೊತ್ತು ಯೋಚಿಸಿ ಹೇಳಿದರು. ಡಿಸೆಂಬರ್ 28ರ ಪುಟದಲ್ಲಿ ಜಾಗವಿತ್ತು, ಅಲ್ಲಿ ಅದನ್ನು ಬರೆದುಕೊಂಡೆ. ಅವರು ಇನ್ನೂ ಹೇಳುತ್ತಿದ್ದರು, ನಾನು ಬರೆಯುತ್ತಲೇ ಇದ್ದೆ.