ಕಂಬಾರ ಕಾಕಾನ ಕುಲುಮೆಯಲ್ಲಿ ಸಿಮೆಂಟಿನ ಪಾಠ

ಶಹಾಬಾದ್ ಸುತ್ತಮುತ್ತ ಪರ್ಸಿ ಹಾಸದ ಮನೆ ಸಿಗುವುದು ಕಷ್ಟ. ಅಡುಗೆ ಕಟ್ಟೆ, ಬಚ್ಚಲು, ದನದ ಕೊಟ್ಟಿಗೆ, ಎಲ್ಲಾ ಕಡೆ ಅದೇ ಕಲ್ಲು. ನಮ್ಮಪ್ಪ ಖಣಿಯಲ್ಲಿ ಸುತ್ತಿಗೆ, ಚಾಣ ಹಿಡಿದು ಪದರು ಪದರಾಗಿ ಅದನ್ನು ಎಬ್ಬಿಸಿ ನಮ್ಮನ್ನು ಓದಿಸಿದರು. ಈ ಭೀಮಾ ಸೀಮೆಯ ಸುಣ್ಣದಕಲ್ಲೇ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಗೂಡಿನೊಳಗೆ ಹೋಗಿ ಸಿಮೆಂಟಾಗುತ್ತದೆ. ಇದನ್ನೆಲ್ಲ ದಿನವೂ ನೋಡುತ್ತ ಬೆಳೆಯುವ ಮಕ್ಕಳಿಗೆ ವಿಜ್ಞಾನ ಹೇಳುವ ಮಾಸ್ತರ ನಾನು.

ಒಂದು ದಿನ ಬೋರ್ಡಿನ ಮೇಲೆ ಬರೆದಿದ್ದೆ: ಪೋರ್ಟ್‌ಲ್ಯಾಂಡ್ ಸಿಮೆಂಟ್, ಜೋಸೆಫ್ ಆಸ್ಪ್ಡಿನ್, 1824. ಮುಂದಿನ ಸಾಲಿನ ಹುಡುಗಿ ಎದ್ದು ನಿಂತಳು. "ಸರ್, ಕಲ್ಲಂತೂ ಮೊದಲೇ ಇತ್ತು, ಬೆಂಕಿನೂ ಮೊದಲೇ ಇತ್ತು. ಮತ್ತ ಅಂವಾ ಕಂಡುಹಿಡದದ್ದರೆ ಏನ್ರಿ?"

ಇಂಥ ಪ್ರಶ್ನೆಗೆ ಬಾಯಿಮಾತಿನಲ್ಲಿ ಉತ್ತರ ಕೊಟ್ಟು ಮುಗಿಸಲು ಮನಸ್ಸು ಬರಲಿಲ್ಲ. ಮುಂದಿನ ಭಾನುವಾರ ಆಕೆಯನ್ನೂ ಇನ್ನು ಕೆಲವು ಮಕ್ಕಳನ್ನೂ ಕರೆದುಕೊಂಡು ನಮ್ಮೂರ ಕಂಬಾರ ಕಾಕಾನ ಕುಲುಮೆಗೆ ಹೋದೆ. ಖಣಿಯ ಬದಿಯಲ್ಲಿ ಗುಡ್ಡೆಗಟ್ಟಿ ಬಿದ್ದಿರುವ ಪರ್ಸಿ ಚೂರುಗಳನ್ನು ಚೀಲದಲ್ಲಿ ತುಂಬಿಕೊಂಡಿದ್ದೆವು.

"ಯಾಕ್ರೀ ಮಾಸ್ತರ, ಕಲ್ಲು ಸುಟ್ಟು ಏನ್ ಮಾಡಾವ್ರು?" ಎಂದು ಕಾಕಾ ನಕ್ಕರೂ ಇದ್ದಿಲು ಒಟ್ಟಿ ಪಂಖಾ ತಿರುವಲು ಹಚ್ಚಿದರು.

ಕಲ್ಲು ಕೆಂಪಗಾಯಿತು. ಬಹಳ ಹೊತ್ತು ಹಾಗೇ ಬಿಟ್ಟು ತೆಗೆದು ಆರಿಸಿದಾಗ ಬೂದು ಬಣ್ಣ ಹೋಗಿ ಬಿಳಿಚಿತ್ತು, ತೂಕವೂ ಇಳಿದಿತ್ತು. ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಣ್ಣದಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೋಗುತ್ತದೆ. ಅಪ್ಪಟ ಸುಣ್ಣದಕಲ್ಲು 100 ಗ್ರಾಂ ಸುಟ್ಟರೆ 56 ಗ್ರಾಂ ಉಳಿಯುತ್ತದೆ. ನಮ್ಮ ಕಲ್ಲಿನಲ್ಲಿ ಮರಳು, ಜೇಡಿಯ ಅಂಶ ಇರುವುದರಿಂದ ಅಷ್ಟು ಇಳಿಯಲಿಲ್ಲ. ಮಕ್ಕಳನ್ನು ದೂರ ನಿಲ್ಲಿಸಿ, ಕನ್ನಡಕ ಹಾಕಿಕೊಂಡು ನಾನೇ ನೀರು ಚಿಮುಕಿಸಿದೆ. ಸುಯ್ ಎಂದು ಹಬೆ ಎದ್ದು ಕಲ್ಲು ಬಿರಿದು ಪುಡಿಯಾಯಿತು.

"ಇದು ಸುಣ್ಣಲ್ರಿ?" ಅಂದರು ಕಾಕಾ. "ಇದನ್ನ ನಮ್ಮಜ್ಜನೂ ಮಾಡ್ತಿದ್ದ."

ಹೌದು. ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿ ಕಟ್ಟಿದ್ದು 1367ರಲ್ಲಿ, ಸಿಮೆಂಟಿಗೆ ನಾಲ್ಕೂವರೆ ಶತಮಾನ ಮೊದಲು. ಗಾರೆ ನಮಗೆ ಹೊಸದಲ್ಲ. ಆದರೆ ಅಪ್ಪಟ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ನೀರಿನೊಳಗೆ ಅದು ಕೂರುವುದಿಲ್ಲ. ಇಂಗ್ಲೆಂಡಿನ ಜಾನ್ ಸ್ಮೀಟನ್ 1750ರ ದಶಕದಲ್ಲಿ ಸಮುದ್ರದ ಬಂಡೆಯ ಮೇಲೆ ಎಡ್ಡಿಸ್ಟೋನ್ ದೀಪಸ್ತಂಭ ಕಟ್ಟಲು ಹೊರಟಾಗ ಎದುರಾದದ್ದು ಇದೇ ತೊಡಕು. ಊರೂರಿನ ಸುಣ್ಣ ತರಿಸಿ ಪರೀಕ್ಷಿಸಿದ ಅವನಿಗೆ, ಜೇಡಿ ಬೆರೆತ ಸುಣ್ಣದಕಲ್ಲಿನ ಸುಣ್ಣವೇ ನೀರಿನಲ್ಲಿ ಗಟ್ಟಿಯಾಗುತ್ತದೆ ಎಂದು ತಿಳಿಯಿತು. ನಮ್ಮಂಥ ಕಲ್ಲು ಕಾರ್ಖಾನೆಗೆ ಒಗ್ಗುವುದೂ ಅದಕ್ಕೇ.

ಆಸ್ಪ್ಡಿನ್ ಲೀಡ್ಸ್ ಊರಿನ ಗೌಂಡಿ. ಸುಣ್ಣದಕಲ್ಲು ಕೊಳ್ಳುವ ತ್ರಾಣವಿಲ್ಲದೆ ರಸ್ತೆಗೆ ಹಾಸಿದ ಕಲ್ಲನ್ನೇ ಕಿತ್ತುಕೊಂಡು ಹೋಗಿ ಕೋರ್ಟು ಹತ್ತಬೇಕಾಯಿತು ಎನ್ನುತ್ತಾರೆ. ಇದನ್ನು ಹೇಳಿದಾಗ ಹುಡುಗರೆಲ್ಲ ತಮ್ಮ ಕಾಲಕೆಳಗಿನ ಪರ್ಸಿಯನ್ನು ನೋಡಿಕೊಂಡರು. ಅವನು ಸುಣ್ಣ ಮತ್ತು ಜೇಡಿಯನ್ನು ಅರೆದು ಮತ್ತೆ ಸುಟ್ಟ. ಬ್ರಿಟನ್ನಿನ ಪೋರ್ಟ್‌ಲ್ಯಾಂಡ್ ಕಲ್ಲಿನಂತೆ ಕಾಣಲಿ ಎಂದು ಆ ಹೆಸರಿಟ್ಟ. ಆದರೆ ಅವನ ಪೇಟೆಂಟಿನಲ್ಲಿ ಹೇಳಿದ ಕಾವು ಸುಣ್ಣದ ಗೂಡಿನದು. ಇಂದಿನ ಸಿಮೆಂಟಿಗೆ ಬೇಕಾದ್ದು 1450 ಡಿಗ್ರಿ.

"ಕಬ್ಬಿಣ ಹಳದಿ ಆಗೂತನಕ ಕಾಯಿಸ್ತೀನ್ರಿ. ಅದರ ಮ್ಯಾಲ ಹೋದ್ರ ಕಿಡಿ ಹಾರಿ ಕಬ್ಬಿಣನೇ ಉರೀತದ" ಅಂದರು ಕಾಕಾ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಅಲ್ಲಿಗೆ ಸಮೀಪದ ಕಾವನ್ನು ಗೂಡಿನಲ್ಲಿ ತಾಸುಗಟ್ಟಲೆ ಹಿಡಿದಿಡುವುದು ಎಂಥ ಕೆಲಸ ಎಂದು ಮಕ್ಕಳಿಗೆ ನನಗಿಂತ ಚೆನ್ನಾಗಿ ಅವರೇ ತಿಳಿಸಿದರು.

ಸೇಡಂ ಕಡೆಯ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ನಮ್ಮ ಭಾವ ಇದ್ದಾರೆ. ಅಲ್ಲಿಯವರನ್ನು ಕೇಳಿ ಒಂದಿಷ್ಟು ಕ್ಲಿಂಕರ್, ಅಂದರೆ ಸಿಮೆಂಟಾಗಿ ಅರೆಯುವ ಮೊದಲು ಗೂಡಿನಿಂದ ಬರುವ ಸುಟ್ಟ ಸರಕು, ತಂದುಕೊಟ್ಟಿದ್ದರು. ಕಡಲೆಯಿಂದ ನಿಂಬೆಹಣ್ಣಿನ ಗಾತ್ರದವರೆಗಿನ ಕಪ್ಪು ಬೂದು ಗಟ್ಟಿಗಳು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಕಬ್ಬಿಣದ ಖಲಬತ್ತೆಯಲ್ಲಿ ಕುಟ್ಟಲು ಕೂತೆವು. ಒಬ್ಬನ ಕೈ ಸೋತರೆ ಇನ್ನೊಬ್ಬ. ಹಳೆ ಧೋತರದಲ್ಲಿ ಸೋಸಿದರೆ ಬೀಳುವುದು ಚಿಟಿಕೆಯಷ್ಟು.

ಆ ಹೊತ್ತಿನಲ್ಲಿ ಹೇಳಿದ ಕಥೆ ಐಸಾಕ್ ಜಾನ್ಸನ್‌ನದು. ನನಗೆ ಆಸ್ಪ್ಡಿನ್‌ಗಿಂತ ಹೆಚ್ಚು ಹತ್ತಿರದವನು ಇವನೇ. 1840ರ ದಶಕದಲ್ಲಿ ಆಸ್ಪ್ಡಿನ್‌ನ ಮಗ ವಿಲಿಯಂ ಲಂಡನ್ ಕಡೆ ಸಿಮೆಂಟ್ ಮಾಡುತ್ತಿದ್ದ. ಗುಟ್ಟು ಬಿಡುತ್ತಿರಲಿಲ್ಲ. ಗೂಡು ತುಂಬುವಾಗ ತಟ್ಟೆಯಲ್ಲಿ ಮೈಲುತುತ್ತ, ಇನ್ನೇನೋ ಪುಡಿ ಹಿಡಿದು ಬಂದು ತಾನೇ ಎರಚುತ್ತಿದ್ದನಂತೆ. ಗುಣವೆಲ್ಲ ಆ ಪುಡಿಯಲ್ಲಿದೆ ಎಂದು ಕೆಲಸಗಾರರು ನಂಬಬೇಕು, ಅಷ್ಟೇ. ಇನ್ನೊಂದು ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿದ್ದ ಜಾನ್ಸನ್ ಆ ಸಿಮೆಂಟಿನ ಚೂರು ತಂದು ರಸಾಯನ ಪರೀಕ್ಷೆ ಮಾಡಿಸಿದ. ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್ ಎಂದು ವರದಿ ಬಂತು. ಫಾಸ್ಫೇಟ್ ಎಂದರೆ ಎಲುಬು. ಪಾಪ, ಎಲುಬು ತರಿಸಿ ಬಯಲಿನಲ್ಲಿ ಸುಡತೊಡಗಿದ. ನಾತಕ್ಕೆ ಓಣಿಯೆಲ್ಲ ಬೈದಿತು. ವರದಿಯೇ ತಪ್ಪಾಗಿತ್ತು. ಅದನ್ನು ಬದಿಗಿಟ್ಟು ಸೀಮೆಸುಣ್ಣದ ಕಲ್ಲು, ಹೊಳೆಯ ಕೆಸರು ಹಿಡಿದು, ಪ್ರಮಾಣ ಬದಲಿಸುತ್ತ ಮೊದಲಿನಿಂದ ಶುರುಮಾಡಿದ.

ಪುಡಿಗೆ ನೀರು ಕಲಸಿ ಒಂದು ಬಟ್ಟಲಿಗೆ, ನಮ್ಮ ಸುಣ್ಣವನ್ನು ಇನ್ನೊಂದಕ್ಕೆ ತುಂಬಿದೆವು. ಕೈಯಲ್ಲಿ ಕುಟ್ಟಿದ ಪುಡಿ ತರಿತರಿ. ಸಂಜೆಯಾದರೂ ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು, ಬಿಸಿಯೂ ಏರಿರಲಿಲ್ಲ.

"ಸರ್, ಇದು ಹೋತ್ರಿ. ಚೆಲ್ಲಿಬಿಡ್ಲೇನ್ರಿ?" ಒಬ್ಬ ಹುಡುಗ ಬಟ್ಟಲು ಎತ್ತಿಯೇ ಬಿಟ್ಟ.

"ಚೆಲ್ಲಬ್ಯಾಡೋ, ಕಥಿ ಇನ್ನೂ ಅದ" ಎಂದು ಕೂಡಿಸಿದೆ. ಜಾನ್ಸನ್‌ನ ಗೂಡು ಒಮ್ಮೆ ಕಾವು ಮೀರಿ, ಸರಕಿನಲ್ಲಿ ಒಂದಿಷ್ಟು ಅರ್ಧ ಕರಗಿ ಗಟ್ಟಿ ಕಟ್ಟಿತ್ತು. ಕೆಟ್ಟ ಸರಕು. ಆದರೂ ಅದನ್ನು ಪುಡಿಮಾಡಿ ನೀರು ಹಾಕಿ ನೋಡಿದ. ಗಟ್ಟಿಯಾಗುವ ಲಕ್ಷಣ ಇಲ್ಲ, ಬಿಸಿಯೂ ಇಲ್ಲ. ಕಡಿಮೆ ಸುಟ್ಟದ್ದನ್ನು ಬೆರೆಸಿದಾಗ ಕೂಡಲೇ ಕೂತಿತು, ಅದೇ ಸರಿ ಅನಿಸಿತು. ಕೆಲವು ದಿನ ಬಿಟ್ಟು ನೋಡಿದರೆ ಬರೀ ಗಟ್ಟಿಯ ಪುಡಿಯಿಂದ ಮಾಡಿದ್ದೇ ಎಲ್ಲಕ್ಕಿಂತ ಬಿರುಸಾಗಿತ್ತು, ಬಣ್ಣವೂ ಚೆಂದದ ಬೂದು. ಇವತ್ತು ಲೋಕವೆಲ್ಲ ಸಿಮೆಂಟಿಗೆ ಅರೆಯುವುದು ಆ ಗಟ್ಟಿಯನ್ನೇ. ಸಿಮೆಂಟ್ ಒಣಗಿ ಬಿರುಸಾಗುವುದಿಲ್ಲ, ನೀರು ಕುಡಿದು ಬಿರುಸಾಗುತ್ತದೆ, ಅದಕ್ಕೆ ದಿನಗಳು ಬೇಕು. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸುವುದು ಇದಕ್ಕೇ ಎಂದಾಗ, ಗೌಂಡಿಯ ಮಗನೊಬ್ಬ ಜೋರಾಗಿ ತಲೆಯಾಡಿಸಿದ.

ಮರುದಿನ ಎರಡೂ ಬಟ್ಟಲನ್ನು ನೀರಿನೊಳಗೆ ಮುಳುಗಿಸಿದೆವು. ಸುಣ್ಣ ಕದಡಿತು. ಇನ್ನೊಂದು ಕದಲಲಿಲ್ಲ. ವಾರ ಕಳೆದ ಮೇಲೆ ಅಪ್ಪನ ಕೈಗೆ ಕೊಟ್ಟೆ. ಚಾಣದ ಹಿಂಬದಿಯಿಂದ ಬಡಿದು, "ನಮ್ಮ ಪರ್ಸಿಯಷ್ಟು ಬಿರುಸಿಲ್ಲ ಬಿಡು. ಆದ್ರ ಕಲ್ಲೇ ಆಗ್ಯದ" ಅಂದರು.

ಎಲ್ಲರಿಗೂ ಖುಷಿ, ಆ ಹುಡುಗಿಗೆ ಮಾತ್ರ ಸಮಾಧಾನವಿಲ್ಲ. "ಕ್ಲಿಂಕರ್ ಕಾರ್ಖಾನಿದಲ್ರಿ ಸರ್. ನಾವು ಮಾಡಿದ್ದು ಯಾವುದು?" ಮಾತು ಖರೇ. ಕಾಕಾ ಬೆಂಕಿ ಇಟ್ಟಿಗೆ ಹುಡುಕಿಕೊಂಡು ಬರುವುದಾಗಿ ಹೇಳಿದ್ದಾರೆ. ಕುಲುಮೆಯ ಒಳಗೇ ಸಣ್ಣ ಗೂಡು ಕಟ್ಟಬೇಕು. ಮಕ್ಕಳು ಕಾಗಿಣಾ ದಂಡೆಯ ಜೇಡಿಮಣ್ಣು ತಂದು, ಪರ್ಸಿ ಪುಡಿಯೊಂದಿಗೆ ಅರೆದು, ಉಂಡೆ ಕಟ್ಟಿ ಶಾಲೆಯ ಕಿಟಕಿಯಲ್ಲಿ ಒಣಗಿಸಲು ಇಟ್ಟಿದ್ದಾರೆ.